ಮನೆ ಹರಾಜಾಯ್ತು, ಮಗಳ ಓದಿಗೆ ಸಾಲ ಸಿಗುತ್ತಾ?

ಪ್ರಶ್ನೆ (ದೊಡ್ಡಬಳ್ಳಾಪುರದ ನೇಕಾರ)

ಕೆಳಗೆ ಪವರ್‌ಲೂಮ್ ಮಗ್ಗ, ಮೇಲೆ ನಾವು, ಹೀಗಿತ್ತು ನಮ್ಮ ಮನೆ. ಸೀರೆ ಮಾಲು ಹೋಗದೆ ಗೃಹಸಾಲದ ಕಂತು ನಿಂತವು. ಬಾಗಿಲಿಗೆ ನೋಟಿಸ್ ಅಂಟಿಸಿದರು. ಆಮೇಲೆ ತಹಶೀಲ್ದಾರರು ಪೊಲೀಸರ ಜೊತೆ ಬಂದು ಬೀಗ ಹಾಕಿಸಿದರು. ಹೋದ ವರ್ಷ ಹರಾಜಾಯ್ತು. ಈಗ ಬಾಡಿಗೆ ಮನೆ, ಬೇರೆಯವರ ಮಗ್ಗದಲ್ಲಿ ಕೂಲಿ. ಮಗಳಿಗೆ ಸಿಇಟಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಶಿಕ್ಷಣ ಸಾಲ ಕೇಳಿದರೆ, ನಿಮ್ಮ ಸಿಬಿಲ್ (ಸಾಲ ಹೇಗೆ ಕಟ್ಟಿದ್ದೀರಿ ಅಂತ ನೋಡಿ ಕೊಡುವ ಅಂಕ) 540 ಇದೆ, ಆಗಲ್ಲ ಅಂದರು. ಮನೆಯನ್ನೇ ತಗೊಂಡ ಮೇಲೆ ಸಾಲ ತೀರಿದ ಹಾಗೆ ಅಲ್ವಾ? ಹೆಂಡತಿ ಹೆಸರಲ್ಲಿ ಕೇಳಬಹುದಾ?

ಉತ್ತರ (ನಿವೃತ್ತ ಬ್ಯಾಂಕ್ ನೌಕರ)

ಮೊದಲು ಮಗಳಿಗೆ ನನ್ನ ಶುಭಾಶಯ ಹೇಳಿ.

ಮನೆ ಹೋದ ಮಾತ್ರಕ್ಕೆ ಸಾಲ ತೀರುವುದಿಲ್ಲ ಅಣ್ಣ. ಹರಾಜಿನ ದುಡ್ಡು ಅಸಲು, ಬಡ್ಡಿ, ಖರ್ಚು ಎಲ್ಲಕ್ಕೂ ಸಾಕಾಯಿತಾ ನೋಡಬೇಕು. ಜಾಸ್ತಿ ಬಂದಿದ್ದರೆ ಉಳಿದದ್ದು ನಿಮಗೆ ಸೇರಬೇಕು, ಅಡವಿಟ್ಟ ಆಸ್ತಿ ಮಾರಿ ಸಾಲ ವಸೂಲಿ ಮಾಡಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯ 13(7)ರಲ್ಲೇ ಇದೆ. ಕಡಿಮೆ ಬಿದ್ದಿದ್ದರೆ ಬಾಕಿಗೆ ಬ್ಯಾಂಕ್ ಸಾಲ ವಸೂಲಿ ನ್ಯಾಯಮಂಡಳಿಗೋ ಕೋರ್ಟಿಗೋ ಹೋಗಬಹುದು. ಹಾಗಾಗಿ ನಾಳೆಯೇ ಶಾಖೆಗೆ ಹೋಗಿ, ಹರಾಜಿನ ದುಡ್ಡು ಎಲ್ಲಿಗೆ ಎಷ್ಟು ಜಮಾ ಆಯಿತು ಅನ್ನುವ ಲೆಕ್ಕವನ್ನು ಬರವಣಿಗೆಯಲ್ಲಿ ಕೇಳಿ. ಅರ್ಜಿಯ ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಆಮೇಲೆ ಸಿಬಿಲ್ ವರದಿ ತೆಗೆಯಿರಿ. ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತೆ, ಏಜೆಂಟರಿಗೆ ದುಡ್ಡು ಕೊಡಬೇಡಿ. ಗೃಹಸಾಲದ ಖಾತೆಯಲ್ಲಿ ತಿಂಗಳು ತಿಂಗಳಿಗೂ ಕಂತು ಎಷ್ಟು ದಿನ ತಡ ಅಂತ ಬರೆದಿರುತ್ತೆ. 90 ದಿನ ದಾಟಿತು ಅಂದರೆ ಎನ್‌ಪಿಎ, ಅಂದರೆ ಕೆಟ್ಟ ಸಾಲದ ಪಟ್ಟಿಗೆ. ನಿಮ್ಮ ಅಂಕ ಬಿದ್ದದ್ದು ಹರಾಜಿನ ದಿನ ಅಲ್ಲ, ಅಲ್ಲಿಂದಲೇ. ಖಾತೆ ‘ಕ್ಲೋಸ್ಡ್’ (ಪೂರ್ತಿ ಮುಗಿದದ್ದು) ಇದೆಯಾ, ‘ಸೆಟಲ್ಡ್’ (ಕಡಿಮೆ ದುಡ್ಡಿಗೆ ರಾಜಿಯಾಗಿ ಮುಗಿಸಿದ್ದು) ಇದೆಯಾ, ‘ರಿಟನ್ ಆಫ್’ (ಬ್ಯಾಂಕ್ ತನ್ನ ಲೆಕ್ಕದಿಂದ ತೆಗೆದದ್ದು) ಇದೆಯಾ ನೋಡಿ. ರಿಟನ್ ಆಫ್ ಇದ್ದರೆ ಬಾಕಿ ಇನ್ನೂ ನಿಮ್ಮ ತಲೆ ಮೇಲೇ ಇದೆ. ಹರಾಜಿನ ದುಡ್ಡು ಜಮಾ ಆದ ಮೇಲೂ ವರದಿಯಲ್ಲಿ ಹಳೇ ಬಾಕಿಯೇ ಕೂತಿರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹಾಗಿದ್ದರೆ ದೂರು ಕೊಡಿ. 30 ದಿನದಲ್ಲಿ ಸರಿಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ.

ಗೃಹಸಾಲಕ್ಕೆ ಹೆಂಡತಿಯೂ ಸಹಿ ಹಾಕಿದ್ದರೆ ಅವರ ವರದಿಯಲ್ಲೂ ಇದೇ ಇರುತ್ತೆ.

ಪ್ರಶ್ನೆ ಕೇಳಿದವರು

ಅವಳೂ ಸಹಿ ಹಾಕಿದ್ದಾಳೆ ಸರ್. ರಿಟನ್ ಆಫ್ ಅಂತ ಇದೆ, ಬಾಕಿ 1,86,000. ಒಂದೇ ಸಲ ಅರ್ಧ ಕಟ್ಟಿ ಮುಗಿಸಿ ಅಂತಿದ್ದಾರೆ. ಒಪ್ಪಲಾ?

ಉತ್ತರ (ತುಮಕೂರಿನಿಂದ ಒಬ್ಬ ಮಹಿಳೆ)

ನಮ್ಮದೂ ಹೀಗೇ ಆಗಿತ್ತು. ಅರ್ಧ ಕಟ್ಟಿ ಮುಗಿಸಿದೆವು, ‘ಸೆಟಲ್ಡ್’ ಅಂತ ಬಿತ್ತು. ಅದನ್ನು ನೋಡಿ ಬ್ಯಾಂಕಿನವರು ಈಗಲೂ ಮುಖ ತಿರುಗಿಸುತ್ತಾರೆ. ಆದರೆ ವಸೂಲಿಯವರ ಫೋನ್ ನಿಂತಿದೆ, ರಾತ್ರಿ ನಿದ್ದೆ ಬರುತ್ತಿದೆ. ಎಫ್‌ಡಿ ಇಟ್ಟು ಅದರ ಮೇಲೆ ಒಂದು ಸಣ್ಣ ಕ್ರೆಡಿಟ್ ಕಾರ್ಡ್ ತಗೊಂಡೆ. ದಿನಸಿಗೆ ಮಾತ್ರ ಬಳಸಿ ಪೂರ್ತಿ ಕಟ್ಟುತ್ತೇನೆ. ಅಂಕ ನಿಧಾನಕ್ಕೆ ಏರುತ್ತಿದೆ.

ಉತ್ತರ (ನಿವೃತ್ತ ಬ್ಯಾಂಕ್ ನೌಕರ)

ಅಕ್ಕ ಹೇಳಿದ್ದು ಸರಿ. ಪೂರ್ತಿ ಕಟ್ಟಲು ಆಗುವುದಾದರೆ ಅದೇ ಒಳ್ಳೆಯದು, ಖಾತೆ ಬಾಕಿಯಿಲ್ಲದೆ ಮುಗಿಯುತ್ತೆ. ಆಗದಿದ್ದರೆ ಅರ್ಧಕ್ಕೆ ಒಪ್ಪಿ. ಆದರೆ ಕಟ್ಟುವ ಮೊದಲೇ ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಒಪ್ಪಂದ ಪತ್ರ ಬೇಕು, ಕಟ್ಟಿದ ಮೇಲೆ ನೋ ಡ್ಯೂ ಪತ್ರ (ಬಾಕಿ ಇಲ್ಲ ಅನ್ನುವ ಪತ್ರ) ಬೇಕು. ಬಾಯಿಮಾತು ನಂಬಬೇಡಿ. ದಾಖಲೆ ಕನಿಷ್ಠ 7 ವರ್ಷ ಸಿಬಿಲ್‌ನಲ್ಲಿ ಉಳಿಯುತ್ತೆ, ಆದರೆ ಹಳೆಯದಾದಷ್ಟೂ ಅದರ ಏಟು ಕಡಿಮೆಯಾಗುತ್ತೆ.

ಮಗಳ ಸೀಟು ಅಷ್ಟು ವರ್ಷ ಕಾಯುವುದಿಲ್ಲ. ನೀವು ಹಿಂದುಳಿದ ವರ್ಗದವರಾದರೆ ದೇವರಾಜ ಅರಸು ನಿಗಮದ ‘ಅರಿವು’ ಸಾಲ ವಿಚಾರಿಸಿ, ಸಿಇಟಿ ಸೀಟಿನವರಿಗೆಂದೇ ಇರುವುದು, ಬಡ್ಡಿಯೂ ಕಡಿಮೆ. ಎಸ್‌ಎಸ್‌ಪಿಯಲ್ಲಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಜಾಲತಾಣ) ಶುಲ್ಕ ವಿನಾಯಿತಿಗೂ ಅರ್ಜಿ ಹಾಕಿ. ಬ್ಯಾಂಕ್ ಸಾಲವೇ ಬೇಕಾದರೆ, ಸಂಬಳ ಬರುವ ಸೋದರಮಾವ ಯಾರಾದರೂ ಜಂಟಿ ಸಾಲಗಾರರಾಗಿ ನಿಲ್ಲಬಹುದಾ ಅಂತ ಮ್ಯಾನೇಜರ್ ಹತ್ತಿರ ಕೇಳಿ. ಆದರೆ ಕಂತು ತಪ್ಪಿದರೆ ಅವರ ಸಿಬಿಲ್ಲೂ ಬೀಳುತ್ತೆ, ಅದನ್ನು ಅವರಿಗೆ ಮೊದಲೇ ಹೇಳಿಬಿಡಿ. ಕಾಲೇಜಿಗೆ ಶುಲ್ಕ ಕಟ್ಟಲು ಕೊನೇ ದಿನ ಯಾವಾಗ? ಇಲ್ಲೇ ಬರೆಯಿರಿ, ಯಾವುದು ಮೊದಲು ಮಾಡಬೇಕು ಅಂತ ಹೇಳ್ತೀನಿ.