ಟವರ್ ಡಿಫೆನ್ಸ್ ಗೇಮ್ ಹಳೇದಾದ್ರೂ ಬೇಜಾರಾಗಲ್ಲ, ಯಾಕೆ?

ಪ್ರಶ್ನೆ (ರಾಯಚೂರು): ಟವರ್ ಡಿಫೆನ್ಸ್ ಅಂದ್ರೆ ನುಗ್ಗಿ ಬರೋ ಶತ್ರುಗಳನ್ನ ದಾರ್ಯಾಗೇ ಹೊಡೆದು ತಡೆಯೋ ಆಟ. ಅದರಾಗ ಗಿಡ ನೆಟ್ಟು ಜಾಂಬಿ (ನಡೆಯೋ ಹೆಣ) ತಡೆಯೋ ಪ್ಲಾಂಟ್ಸ್ ವರ್ಸಸ್ ಜಾಂಬೀಸ್ ಬಂದಿದ್ದು 2009ರಾಗ. ಮುಂದಿನ ಅಂಗಳದಾಗ 5 ಸಾಲು, 9 ಕಾಲಂ, ಅಷ್ಟೇ. ಆದ್ರೂ ಜನ ಇನ್ನೂ ಆಡ್ತಾರಲ್ರಿ, ಅಂಥದ್ದೇನೈತಿ? ಬಕೆಟ್ ಹಾಕ್ಕೊಂಡ ಜಾಂಬಿ ಬಂದ ಕೂಡ್ಲೇ ಸಾಲು ಒಡೀತದ, ತಪ್ಪು ಎಲ್ಲಿ?

ಕೊಪ್ಪಳ: ತಪ್ಪು ಮೊದಲ ನಿಮಿಷದಾಗೇ ಆಗಿರ್ತದ ಸರ್. ಆಟದಾಗ ಗಿಡ ಕೊಳ್ಳೋಕೆ ಸೂರ್ಯನೇ ದುಡ್ಡು. ಬಟಾಣಿ ಹೊಡೆಯೋ ಗಿಡಕ್ಕೆ 100 ಸೂರ್ಯ, ಸೂರ್ಯ ಕೊಡೋ ಸೂರ್ಯಕಾಂತಿಗೆ 50. ಹೆದರಿ ಬಟಾಣಿನೇ ಮೊದಲು ಹಾಕಿದ್ರೆ ಆಮೇಲೆ ಕೈ ಖಾಲಿ. ಹಿಂದಿನ ಕಾಲಂ ಪೂರ್ತಿ ಸೂರ್ಯಕಾಂತಿ ಇಡ್ರಿ, ನಮ್ಮ ಕಡೆ ಬೆಳೆಯೋದೇ ಅದು! ಮೊದಲ ಜಾಂಬಿಗೆ 25ರ ಪೊಟ್ಯಾಟೊ ಮೈನ್ (ಜಾಂಬಿ ಮುಟ್ಟಿದ್ರೆ ಸಿಡಿಯೋ ಆಲೂಗಡ್ಡೆ) ಸಾಕು. ಅದು ತಯಾರಾಗೋಕೆ ಸುಮಾರು 15 ಸೆಕೆಂಡ್ ಬೇಕು. ಜಾಂಬಿ ಹತ್ರ ಬಂದ್ಮೇಲೆ ನೆಟ್ರೆ ಅದನ್ನೇ ತಿಂದು ಮುಂದಕ್ಕೆ ಬರ್ತದ. ಸಾದಾ ಜಾಂಬಿ 10 ಬಟಾಣಿ ಏಟಿಗೆ ಬೀಳ್ತದ, ಬಕೆಟ್‌ನದಕ್ಕೆ 65 ಬೇಕು. ಒಂದು ಗಿಡದಿಂದ ಆಗಲ್ಲ, ಸಾಲಿಗೆ ಮೂರು ಬೇಕು, ಮುಂದೆ ತಡೆಗೋಡೆಯಾಗಿ 50ರ ವಾಲ್‌ನಟ್.

ಬಳ್ಳಾರಿ: ರುಚಿ ಇರೋದೇ ಅಲ್ಲಿ. ಸೋತ್ರೆ ಯಾಕೆ ಸೋತ್ವಿ ಅಂತ ಪರದೆ ಮೇಲೇ ಕಾಣ್ತದೆ. 2007ರ ಇನ್ನೊಂದು ಆಟ ಡೆಸ್ಕ್‌ಟಾಪ್ ಟವರ್ ಡಿಫೆನ್ಸ್‌ನಲ್ಲಿ ದಾರಿನೇ ಹಾಕಿರಲ್ಲ, ಗೋಪುರ ಇಟ್ಟು ನಾವೇ ಬಳಸುದಾರಿ ಮಾಡ್ಬೇಕು, ಪೂರ್ತಿ ಮುಚ್ಚೋಕೆ ಬಿಡಲ್ಲ. ಕೋಟೆ ಬಾಗಿಲಿಗೆ ನೇರ ದಾರಿ ಬಿಡದೆ ತಿರುವು ಕೊಡೋ ಲೆಕ್ಕನೇ ಅದು. ಗೋಪುರ ತಿರುವಿನ ಒಳಮೂಲೆಯಲ್ಲಿಡಿ, ಬರೋವಾಗ್ಲೂ ಹೋಗೋವಾಗ್ಲೂ ಹೊಡೀತದೆ. ಹಾರೋ ಶತ್ರುಗಳು ಮಾತ್ರ ನೇರ ಬರ್ತವೆ, ಅವನ್ನ ಹೊಡೆಯೋ ಗೋಪುರನೂ ಬೇಕು.

ರಾಯಚೂರು: ರಾತ್ರಿ ಮಟ್ಟದಾಗೂ ಸೂರ್ಯಕಾಂತಿನೇನ್ರಿ?

ಕೊಪ್ಪಳ: ಬ್ಯಾಡ್ರಿ. ರಾತ್ರಿ ಆಕಾಶದಿಂದ ಸೂರ್ಯ ಬೀಳಲ್ಲ, 50 ಕೂಡಿಸೋದೇ ಕಷ್ಟ. ಸೂರ್ಯ ಕೊಡೋ ಅಣಬೆ, 25ರ ಸನ್‌ಶ್ರೂಮ್ ಹಾಕ್ರಿ. ಮೊದಲು ಕಮ್ಮಿ ಕೊಡ್ತದ, ಬೆಳೆದ್ಮೇಲೆ ಸೂರ್ಯಕಾಂತಿಯಷ್ಟೇ.