ಸಿಗರೇಟ್ ಬಿಟ್ಟು ವೇಪ್ ಹಿಡಿಯೋರು ಜಾಸ್ತಿ ಆದ್ರೆ ಸರ್ಕಾರದ ತೆರಿಗೆ ಗತಿ ಏನು?

ಸುಮ್ನೆ_ಕೇಳ್ದೆ

ತುಂಬಾ ದಿನದಿಂದ ತಲೇಲಿ ಕೊರೀತಿರೋ ಪ್ರಶ್ನೆ. ಎಷ್ಟೋ ದೇಶಗಳಲ್ಲಿ ಒಂದು ಪ್ಯಾಕ್ ಸಿಗರೇಟಿನ ರೇಟಲ್ಲಿ ಮುಕ್ಕಾಲು ಪಾಲು ತೆರಿಗೆನೇ, ಅಷ್ಟಾದ್ರೂ ಇರ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆನೂ ಹೇಳುತ್ತೆ. ವೇಪ್ ಅಂದ್ರೆ ನಿಕೋಟಿನ್ ಲಿಕ್ವಿಡ್ ಕಾಯಿಸಿ ಆವಿ ಎಳೆಯೋ ಇ-ಸಿಗರೇಟ್, ಅದರ ಮೇಲೆ ಅಷ್ಟಿಲ್ಲ, ಕೆಲವು ಕಡೆ ಮಾಮೂಲಿ ಮಾರಾಟ ತೆರಿಗೆ ಬಿಟ್ರೆ ಏನೂ ಇಲ್ಲ. ಹಂಗಾದ್ರೆ ದಿನಾ ಒಂದು ಪ್ಯಾಕ್ ಎಳೀತಿದ್ದೋನು ವೇಪಿಗೆ ಹೋದ್ರೆ ಖಜಾನೆಗೆ ಅಷ್ಟು ಖೋತಾ ತಾನೆ? ಫ್ರೆಂಡ್ ಒಬ್ಬ ಹೇಳ್ತಾನೆ, ವೇಪ್ ಬ್ಯಾನ್ ಮಾಡೋದೆಲ್ಲ ಮಕ್ಕಳ ಆರೋಗ್ಯಕ್ಕಲ್ಲ, ಸಿಗರೇಟ್ ತೆರಿಗೆ ಕಾಪಾಡ್ಕೊಳ್ಳೋಕೆ ಅಂತ. ಇನ್ನೊಬ್ಬಳು ಹೇಳ್ತಾಳೆ ಆಸ್ಪತ್ರೆ ಖರ್ಚು ಉಳಿಯುತ್ತಲ್ಲ, ಸರ್ಕಾರಕ್ಕೆ ಲಾಭನೇ ಅಂತ. ಇಬ್ಬರೂ ಗಂಟಲು ಹರ್ಕೊಳ್ತಾರೆ, ಇಬ್ಬರ ಹತ್ರಾನೂ ಲೆಕ್ಕ ಇಲ್ಲ. ಯಾವ್ದಾದ್ರೂ ದೇಶದಲ್ಲಿ ನಿಜವಾಗ್ಲೂ ಏನಾಯ್ತು ಅಂತ ಗೊತ್ತಿರೋರು ಹೇಳಿ. ವೇಪ್ ಒಳ್ಳೇದಾ ಕೆಟ್ಟದ್ದಾ ಅನ್ನೋ ಜಗಳ ಇಲ್ಲಿ ಬೇಡ ಪ್ಲೀಸ್.

ಜಮಾಖರ್ಚು

ಮೊದ್ಲು ಈ ತೆರಿಗೆ ಇಷ್ಟು ವರ್ಷ ಯಾಕೆ ಕೆಲ್ಸ ಮಾಡ್ತು ಅಂತ ನೋಡಿ. ಶ್ರೀಮಂತ ದೇಶಗಳಲ್ಲಿ ಸಿಗರೇಟ್ ರೇಟು 10% ಏರಿಸಿದ್ರೆ ಮಾರಾಟ ಸುಮಾರು 4% ಅಷ್ಟೇ ಇಳಿಯುತ್ತೆ. ಅಂದ್ರೆ ಸೇದೋರೂ ಕಮ್ಮಿ ಆಗ್ತಾರೆ, ದುಡ್ಡೂ ಜಾಸ್ತಿ ಬರುತ್ತೆ, ಹಣಕಾಸು ಮಂತ್ರಿಗೂ ಖುಷಿ ಆರೋಗ್ಯ ಮಂತ್ರಿಗೂ ಖುಷಿ. ಇಂಥ ತೆರಿಗೆ ಇನ್ನೊಂದು ಸಿಗಲ್ಲ. ಆದ್ರೆ ಇದು ನಡೀತಿದ್ದದ್ದು ಯಾಕಂದ್ರೆ ಚಟ ಹತ್ತಿದವನಿಗೆ ಬೇರೆ ದಾರಿ ಇರ್ಲಿಲ್ಲ, ಒಂದೋ ದುಡ್ಡು ಕೊಡು, ಇಲ್ಲಾ ಪೂರ್ತಿ ಬಿಡು. ವೇಪ್ ಬಂದ ಮೇಲೆ ಮೂರನೇ ದಾರಿ ಸಿಕ್ತು. ಈಗ ತೆರಿಗೆ ಏರಿಸಿದಷ್ಟೂ ಜನ ಆ ಕಡೆ ಜಾರ್ತಾರೆ, ಪ್ರತಿ ಸಲ ಏರಿಸಿದಾಗ್ಲೂ ಸಿಗೋ ದುಡ್ಡು ಹಿಂದಿನ ಸಲದಷ್ಟು ಇರಲ್ಲ.

ಅದಕ್ಕೆ ಸರ್ಕಾರಗಳು ವೇಪಿಗೂ ಸುಂಕ ಹಾಕೋಕೆ ಹೊರಟಿವೆ. ಬ್ರಿಟನ್ನಿನದು ನೋಡಿ, 2024ರ ಬಜೆಟ್ಟಲ್ಲಿ ಘೋಷಣೆ ಮಾಡಿ, 2026ರ ಅಕ್ಟೋಬರ್ 1ರಿಂದ 10 ಮಿಲೀ ಲಿಕ್ವಿಡ್ಡಿಗೆ 2.20 ಪೌಂಡ್ ಅಂತ ಇಟ್ರು. ಬುದ್ಧಿವಂತಿಕೆ ಎಲ್ಲಿದೆ ಅಂದ್ರೆ ಅವತ್ತೇ 100 ಸಿಗರೇಟಿಗೂ 2.20 ಪೌಂಡ್ ಏರಿಸೋದು ಅಂತ ಅದೇ ಘೋಷಣೆಯಲ್ಲಿತ್ತು. ವೇಪ್ ತುಟ್ಟಿ ಆಯ್ತು ಅಂತ ಜನ ವಾಪಸ್ ಸಿಗರೇಟಿಗೆ ಹೋಗ್ಬಾರ್ದಲ್ಲ, ಎರಡರ ಮಧ್ಯೆ ಅಂತರ ಹಂಗೇ ಉಳೀಬೇಕು.

ಆದ್ರೆ ಯಾವುದರ ಮೇಲೆ ಹಾಕೋದು ಅನ್ನೋದೇ ತಲೆನೋವು. ಸಿಗರೇಟಾದ್ರೆ ಎಣಿಸಿದ್ರೆ ಮುಗೀತು. ಲಿಕ್ವಿಡ್ಡಿಗೆ ಮಿಲೀ ಲೆಕ್ಕದಲ್ಲಿ ಹಾಕಿದ್ರೆ ಕಮ್ಮಿ ನಿಕೋಟಿನ್ ಇರೋ ದೊಡ್ಡ ಬಾಟ್ಲಿಗೆ ಪೆಟ್ಟು ಬೀಳುತ್ತೆ, ಜಾಸ್ತಿ ನಿಕೋಟಿನ್ ತುಂಬಿದ ಸಣ್ಣ ಪಾಡ್ (ವೇಪಿಗೆ ಸಿಕ್ಕಿಸೋ ಲಿಕ್ವಿಡ್ ಡಬ್ಬಿ) ಆರಾಮಾಗಿ ಪಾರಾಗುತ್ತೆ. ನಿಕೋಟಿನ್ ಲೆಕ್ಕದಲ್ಲಿ ಹಾಕಿದ್ರೆ ಜನ ಪ್ಲೇನ್ ಲಿಕ್ವಿಡ್ ತಂದು ಮನೇಲೇ ಬೆರಸ್ಕೊಳ್ತಾರೆ. ಎಸ್ಟೋನಿಯಾದಲ್ಲಿ 2018ರಲ್ಲಿ ಜೋರಾಗಿ ಸುಂಕ ಹಾಕಿದ್ರು, ಜನ ಪಕ್ಕದ ಲಾಟ್ವಿಯಾದಿಂದ ತರ್ಸೋಕೆ ಶುರು ಮಾಡಿದ್ರು, ಕಳ್ಳಮಾಲೂ ಬಂತು, ಕೊನೆಗೆ 2021ರ ಏಪ್ರಿಲಿಂದ ಆ ಸುಂಕನೇ ಸ್ವಲ್ಪ ಕಾಲ ನಿಲ್ಲಿಸಬೇಕಾಯ್ತು.

ಕೊಂಕುಮಾತು

ಜಮಾಖರ್ಚು ಅವರು ಲೆಕ್ಕ ಹೇಳಿದ್ರು, ನಾನು ರಾಜಕೀಯ ಹೇಳ್ತೀನಿ, ನಿಜವಾದ ಮಜಾ ಇರೋದು ಅಲ್ಲೇ.

ನ್ಯೂಜಿಲೆಂಡ್ ಕತೆ ಗೊತ್ತಾ? 2022ರ ಡಿಸೆಂಬರಲ್ಲಿ ಲೇಬರ್ ಸರ್ಕಾರ ಒಂದು ಕಾನೂನು ಪಾಸ್ ಮಾಡ್ತು, 2009ರ ಜನವರಿ 1 ಮತ್ತು ಆಮೇಲೆ ಹುಟ್ಟಿದೋರಿಗೆ ಯಾವತ್ತಿಗೂ ಸಿಗರೇಟ್ ಮಾರಂಗಿಲ್ಲ, ಸಿಗರೇಟಲ್ಲಿ ನಿಕೋಟಿನ್ ತೀರಾ ಕಮ್ಮಿ ಮಾಡ್ಬೇಕು, ಮಾರೋ ಅಂಗಡಿಗಳನ್ನ ಸುಮಾರು 6,000ದಿಂದ 600ಕ್ಕೆ ಇಳಿಸ್ಬೇಕು ಅಂತ. 2023ರಲ್ಲಿ ಸರ್ಕಾರ ಬದಲಾಯ್ತು. ಹೊಸದಾಗಿ ಬಂದ ನ್ಯಾಷನಲ್ ಪಕ್ಷ ಎಲೆಕ್ಷನ್ನಲ್ಲಿ ಆದಾಯ ತೆರಿಗೆ ಇಳಿಸ್ತೀವಿ ಅಂತ ಹೇಳಿತ್ತು, ಅದಕ್ಕೆ ದುಡ್ಡು ವಿದೇಶಿಯರು ಮನೆ ಕೊಂಡಾಗ ಹಾಕೋ ತೆರಿಗೆಯಿಂದ ಬರುತ್ತೆ ಅಂದಿತ್ತು. ಮೈತ್ರಿ ಪಕ್ಷ ನ್ಯೂಜಿಲೆಂಡ್ ಫಸ್ಟ್ ಅದಕ್ಕೆ ಒಪ್ಪಲಿಲ್ಲ. ಈಗ ಗುಂಡಿ ತುಂಬೋದು ಹೇಗೆ? ಸಿಗರೇಟ್ ಕಾನೂನು ರದ್ದು ಮಾಡಿದ್ರೆ ಬರೋ ತೆರಿಗೆನೂ ಇದಕ್ಕೆ ಒದಗುತ್ತೆ ಅಂತ ಹಣಕಾಸು ಮಂತ್ರಿ ನಿಕೋಲಾ ವಿಲ್ಲಿಸ್ ಬಾಯಿಬಿಟ್ಟೇ ಹೇಳಿದ್ರು! 2024ರ ಫೆಬ್ರವರಿಯಲ್ಲಿ ರದ್ದೂ ಮಾಡಿದ್ರು. ಆಮೇಲೆ ಪ್ರಧಾನಿ ಕಳ್ಳಸಂತೆ ಅದು ಇದು ಅಂತ ಬೇರೆ ಕಾರಣ ಕೊಟ್ರು, ಯಾರು ಕೇಳ್ತಾರೆ. ಅದೇ ದೇಶದಲ್ಲಿ ದಿನಾ ಸೇದೋರು 2011-12ರಲ್ಲಿ 16.4% ಇದ್ದದ್ದು 2022-23ಕ್ಕೆ 6.8% ಆಗಿತ್ತು, ವೇಪ್ ಅಲ್ಲಿ ಕಾನೂನುಬದ್ಧ, ಅಂದ್ರೆ ತೆರಿಗೆ ಹೆಂಗಿದ್ರೂ ಕರಗ್ತಾ ಇತ್ತು. ಕರಗೋ ದುಡ್ಡಿನ ಮೇಲೆ ವರ್ಷವರ್ಷ ಕೊಡೋ ಭರವಸೆ ಕಟ್ಟಿದ್ರು ನೋಡಿ, ನನ್ನ ಪ್ರಕಾರ ಇಡೀ ಸಮಸ್ಯೆ ಇದೇನೆ. ವೇಪ್ ನೆಪ ಅಷ್ಟೇ.

ಮಲೇಷ್ಯಾದ್ದು ಇದಕ್ಕೆ ಉಲ್ಟಾ. ಅಲ್ಲಿ ನಿಕೋಟಿನ್ ಲಿಕ್ವಿಡ್ ವಿಷವಸ್ತುಗಳ ಪಟ್ಟಿಯಲ್ಲಿತ್ತು, ಬೀದೀಲಿ ಮಾರ್ತಾನೇ ಇದ್ರು, ತೆರಿಗೆ ಮಾತ್ರ ಬರ್ತಿರ್ಲಿಲ್ಲ. 2023ರ ಏಪ್ರಿಲ್ 1ರಿಂದ ಮಿಲೀಗೆ 40 ಸೆನ್ (ಅಲ್ಲಿಯ ಪೈಸೆ) ತೆರಿಗೆ ಹಾಕ್ಬೇಕು ಅಂತ ಹಿಂದಿನ ದಿನ ಪಟ್ಟಿಯಿಂದಲೇ ತೆಗೆದ್ರು. ಯಾವ ವಯಸ್ಸಿನವರಿಗೆ ಮಾರ್ಬೇಕು ಅನ್ನೋ ಕಾನೂನು ಇನ್ನೂ ಬಂದಿರ್ಲಿಲ್ಲ, ಅದು ಜಾರಿಗೆ ಬಂದದ್ದು 2024ರ ಅಕ್ಟೋಬರಲ್ಲಿ. ತೆರಿಗೆ ಮೊದ್ಲು, ಮಕ್ಕಳು ಆಮೇಲೆ.

ಹುಬ್ಳಿಮಂದಿ

ಪ್ರಶ್ನೆ ಕೇಳಿದವ್ರ ಫ್ರೆಂಡ್ ಹೇಳಿದ್ದು ಪೂರಾ ಖರೆ ಅಲ್ರಿ. ಬ್ಯಾನ್ ಮಾಡಿದ್ರ ತೆರಿಗಿ ಉಳಿತೈತಿ ಅನ್ನೋದಾದ್ರ ಆಸ್ಟ್ರೇಲಿಯಾದಾಗ ಉಳಿಬೇಕಿತ್ತು. ಅಲ್ಲಿ ವೇಪ್ ಮ್ಯಾಲ ಭಾಳ ಬಿಗಿ ಐತಿ, 2024ರ ಜುಲೈದಿಂದ ಔಷಧ ಅಂಗಡಿ ಬಿಟ್ಟು ಬ್ಯಾರೆ ಎಲ್ಲೂ ಮಾರುವಂಗಿಲ್ಲ. ಸಿಗರೇಟಿನ ಸುಂಕ ಜಗತ್ತಿನಾಗ ಭಾಳ ತುಟ್ಟಿ ಇರೋ ದೇಶದಾಗ ಅದೂ ಒಂದು. ಆದ್ರ ಆಗಿದ್ದೇನು? 2019-20ರಾಗ ಸುಮಾರು 1,630 ಕೋಟಿ ಆಸ್ಟ್ರೇಲಿಯಾ ಡಾಲರ್ ಬರ್ತಿದ್ದ ತಂಬಾಕು ಸುಂಕ 2024-25ಕ್ಕ ಸುಮಾರು 740 ಕೋಟಿಗೆ ಬಂದು ನಿಂತ್ತು, ಅರ್ಧಕ್ಕಿಂತ ಕಡಿಮಿ. ಸೇದೋ ಮಂದಿ ಕಡಿಮಿ ಆಗ್ಯಾರ ಖರೆ, ಆದ್ರ ದೊಡ್ಡ ಏಟು ಕೊಟ್ಟಿದ್ದು ಕಳ್ಳ ಸಿಗರೇಟು. ಮೆಲ್ಬರ್ನ್‌ದಾಗ ಈ ಧಂದೆ ಯಾರ ಕೈಯಾಗ ಇರ್ಬೇಕು ಅಂತ ಗ್ಯಾಂಗ್‌ಗಳು ಅಂಗಡಿಗೆ ಸಾಲಾಗಿ ಬೆಂಕಿ ಹಚ್ಚಿದ್ವು. ಕಳ್ಳ ಸಿಗರೇಟು ಮಾರೋ ಅದ ಮಂದಿ ಕಳ್ಳ ವೇಪೂ ಮಾರ್ತಾರ, ಎರಡರಾಗೂ ಸರ್ಕಾರಕ್ಕ ಬಿಡಿಗಾಸು ಇಲ್ಲ. ನ್ಯೂ ಸೌತ್ ವೇಲ್ಸ್ ರಾಜ್ಯದ ಪ್ರೀಮಿಯರ್ (ಮುಖ್ಯಮಂತ್ರಿ ಇದ್ದಂಗ) ಕ್ರಿಸ್ ಮಿನ್ಸ್ ಅವರು ಸುಂಕ ಇಳಸ್ರಿ ಅಂತ ಬಹಿರಂಗವಾಗಿ ಹೇಳಿದ್ರು, ಕೇಂದ್ರದ ಖಜಾನೆ ಮಂತ್ರಿ ಜಿಮ್ ಚಾಲ್ಮರ್ಸ್ ಒಪ್ಪಲಿಲ್ಲ. ಇಳಿಸಿದ್ರ ಸಿಗರೇಟ್ ಅಗ್ಗ ಮಾಡಿದ ಸರ್ಕಾರ ಅಂತ ಹೆಸರು ಬರ್ತೈತಿ, ಇಳಸದಿದ್ರ ಗ್ಯಾಂಗ್ ಬೆಳೀತೈತಿ.

ಇನ್ನ ಸರ್ಕಾರಾನ ಸಿಗರೇಟ್ ಮಾಡೋ ದೇಶ ನೋಡ್ರಿ. ಥಾಯ್ಲೆಂಡ್‌ದಾಗ ತಂಬಾಕು ಕಾರ್ಖಾನೆ ಸರ್ಕಾರದ್ದು, ವೇಪ್ ಬ್ಯಾನ್. ಇಲ್ಲಿ ಅನುಮಾನ ಬರೋದು ಸಹಜ. ಚೀನಾದಾಗ ತಂಬಾಕು ಪೂರಾ ಸರ್ಕಾರದ ಏಕಸ್ವಾಮ್ಯ, 2023ರಾಗ ತೆರಿಗಿ ಲಾಭ ಕೂಡಿ ಸುಮಾರು 1.5 ಲಕ್ಷ ಕೋಟಿ ಯುವಾನ್. ಅವರು ವೇಪ್ ಬ್ಯಾನ್ ಮಾಡಲಿಲ್ಲ, ನುಂಗಿಬಿಟ್ರು. ಅದನ್ನ ತಂಬಾಕು ಇಲಾಖೆ ಕೈಗೆ ಕೊಟ್ರು, 2022ರ ಅಕ್ಟೋಬರ್‌ದಿಂದ ದೇಶದೊಳಗ ಹಣ್ಣಿನ ಫ್ಲೇವರ್ ಬಂದ್, ನವೆಂಬರ್‌ದಿಂದ ತಯಾರಿಕೆ ಹಂತದಾಗ 36% ತೆರಿಗಿ. ವೇಪ್ ತಯಾರಾಗೋ ಶೆನ್‌ಜೆನ್ ಊರಿಂದ ಹೊರದೇಶಕ್ಕ ಹೋಗೋ ಹಣ್ಣಿನ ಫ್ಲೇವರ್ ಮಾತ್ರ ಆರಾಮ ಹೊಂಟಾವು.

ಸುಮ್ನೆ_ಕೇಳ್ದೆ

ವಾವ್ ಇಷ್ಟೊಂದು ಇದ್ಯಾ. ಹುಬ್ಳಿಮಂದಿ ಅವ್ರೆ ಥ್ಯಾಂಕ್ಸ್, ಆಸ್ಟ್ರೇಲಿಯಾದ್ದು ನಂಗೆ ಗೊತ್ತೇ ಇರ್ಲಿಲ್ಲ. ಆದ್ರೆ ಆಸ್ಪತ್ರೆ ಖರ್ಚಿನ ಮಾತು ಯಾರೂ ಎತ್ತಲಿಲ್ಲ. ಅದನ್ನ ಕಳೆದ್ರೆ ಸರ್ಕಾರಕ್ಕೆ ನಿಜವಾಗ್ಲೂ ನಷ್ಟನಾ?

ಜಮಾಖರ್ಚು

ಇದು ಸ್ವಲ್ಪ ಕಹಿ ಲೆಕ್ಕ. ಸುಂಕ ಕಮ್ಮಿ ಆಗೋದು ಈ ವರ್ಷದ ಬಜೆಟ್ಟಲ್ಲೇ ಕಾಣುತ್ತೆ, ಕ್ಯಾನ್ಸರ್, ಹೃದಯದ ಕಾಯಿಲೆ ಕಮ್ಮಿ ಆಗಿ ಉಳಿಯೋ ದುಡ್ಡು ಬರೋಕೆ ಎಷ್ಟೋ ವರ್ಷ ಬೇಕು, ಅದೂ ಬೇರೆ ಇಲಾಖೆ ಖಾತೆಯಲ್ಲಿ. ಅಷ್ಟು ಹೊತ್ತಿಗೆ ಇವತ್ತಿನ ಮಂತ್ರಿ ಎಲ್ಲಿರ್ತಾರೋ. ಮೇಲಾಗಿ ಸಿಗರೇಟ್ ಬಿಟ್ಟೋರು ಜಾಸ್ತಿ ದಿನ ಬದುಕ್ತಾರೆ, ಪೆನ್ಷನ್ ತಗೋತಾರೆ. 2001ರಲ್ಲಿ ಫಿಲಿಪ್ ಮಾರಿಸ್ ಕಂಪನಿ ಚೆಕ್ ಗಣರಾಜ್ಯದ ಬಗ್ಗೆ ಒಂದು ವರದಿ ಮಾಡ್ಸಿತ್ತು, ಸೇದೋರು ಬೇಗ ಸಾಯೋದ್ರಿಂದ ಸರ್ಕಾರಕ್ಕೆ ಉಳಿತಾಯ ಅಂತ ಲೆಕ್ಕ ತೋರ್ಸಿದ್ರು! ಜನ ಉಗಿದ್ರು, ಕಂಪನಿ ಕ್ಷಮೆ ಕೇಳ್ತು. ನಾಚಿಕೆಗೆಟ್ಟ ವರದಿ, ಮತ್ತೆ ಲೆಕ್ಕಾನೂ ಅರ್ಧಂಬರ್ಧ, ಯಾಕಂದ್ರೆ ಮನುಷ್ಯ ಬದುಕಿದ್ರೆ ದುಡೀತಾನೆ, ತೆರಿಗೆ ಕಟ್ತಾನೆ, ಮನೆಯೋರ ಜೊತೆ ಇರ್ತಾನೆ, ಅದೆಲ್ಲ ಎಲ್ಲಿ ಹೋಯ್ತು?

ಇನ್ನೊಂದು ಮರೀತಾರೆ, ಸಿಗರೇಟಿಗೆ ಹಾಕದೆ ಉಳಿದ ದುಡ್ಡು ಹರಿದು ಹೋಗಲ್ಲ. ಬೇರೆ ಏನೋ ಕೊಳ್ತಾರೆ, ಅದರ ಮೇಲೂ ತೆರಿಗೆ ಇದೆ. ಸಿಗರೇಟಿನಷ್ಟಿಲ್ಲ, ಆದ್ರೆ ಸೊನ್ನೆನೂ ಅಲ್ಲ. ಹಾಗಾಗಿ ಇಡೀ ಸಮಾಜಕ್ಕೆ ನಷ್ಟ ಅಂತ ನಾನು ಒಪ್ಪಲ್ಲ, ಬಜೆಟ್ ಬರೆಯೋನ ಆ ಒಂದು ಸಾಲಿಗೆ ನಷ್ಟ, ಆದ್ರೆ ಅವನ ತಲೆಬಿಸಿ ಆ ಸಾಲೇ.

ಕೊಂಕುಮಾತು

ಆ ಸಾಲಿಗೆ ಏನೇನು ಗಂಟು ಹಾಕ್ತಾರೆ ಅನ್ನೋದೂ ನೋಡಿ. ಅಮೆರಿಕದಲ್ಲಿ 2009ರಲ್ಲಿ ಬಡ ಮಕ್ಕಳ ಆರೋಗ್ಯ ವಿಮೆಗೆ ಅಂತ ಪ್ಯಾಕ್ ಮೇಲಿನ ಕೇಂದ್ರ ತೆರಿಗೆ 39 ಸೆಂಟಿಂದ 1.01 ಡಾಲರಿಗೆ ಏರಿಸಿದ್ರು. ಮಕ್ಕಳ ವಿಮೆ ನಡೀಬೇಕಂದ್ರೆ ದೊಡ್ಡೋರು ಸೇದ್ತಾ ಇರ್ಬೇಕು, ಎಂಥಾ ವ್ಯವಸ್ಥೆ! ಅದಕ್ಕಿಂತ ಮುಂಚೆ 1998ರಲ್ಲಿ 46 ರಾಜ್ಯಗಳು ದೊಡ್ಡ ಸಿಗರೇಟ್ ಕಂಪನಿಗಳ ಜೊತೆ ಕೇಸಲ್ಲಿ ರಾಜಿ ಮಾಡ್ಕೊಂಡ್ವು, ಕಂಪನಿಗಳು ರಾಜ್ಯಗಳಿಗೆ ಕೊಡೋ ದುಡ್ಡು ಮೊದಲ 25 ವರ್ಷಕ್ಕೆ ಸುಮಾರು 20,600 ಕೋಟಿ ಡಾಲರ್ ಅಂತ ಅಂದಾಜು, ಆಮೇಲೂ ವರ್ಷವರ್ಷ ಬರ್ತಾನೇ ಇರುತ್ತೆ. ಆದ್ರೆ ಆ ಮೊತ್ತ ಎಷ್ಟು ಸಿಗರೇಟ್ ಮಾರಾಟಕ್ಕೆ ಹೋಗುತ್ತೆ ಅನ್ನೋದರ ಮೇಲೆ ಏರಿಳಿಯುತ್ತೆ, ವೇಪ್ ಆ ಲೆಕ್ಕದಲ್ಲೇ ಇಲ್ಲ. ಎಷ್ಟೋ ರಾಜ್ಯಗಳು ಮುಂದೆ ಬರೋ ದುಡ್ಡನ್ನ ಬಾಂಡ್ (ಸಾಲಪತ್ರ) ಮಾಡಿ ಮಾರಿ, ಕೈಗೆ ಬಂದದ್ದನ್ನ ಆಗ್ಲೇ ಖರ್ಚು ಮಾಡಿ ಕೂತಿವೆ. ಈಗ ಅಲ್ಲಿಯ ರಾಜಕಾರಣಿಗೆ ಜನ ಸಿಗರೇಟ್ ಬಿಡೋದು ಎಷ್ಟು ಸಿಹಿ ಸುದ್ದಿ ಅಂತ ನೀವೇ ಯೋಚ್ನೆ ಮಾಡಿ.

ಇನ್ನೊಂದು ಕಡೆ ವೇಪ್ ಮಾಡೋರೂ ವೋಟರ್‌ಗಳೇ. 2019ರ ಸೆಪ್ಟೆಂಬರಲ್ಲಿ ಟ್ರಂಪ್ ಫ್ಲೇವರ್ ವೇಪ್ ಎಲ್ಲ ತೆಗೀತೀವಿ ಅಂದ್ರು, ನಾವು ವೇಪ್ ಮಾಡ್ತೀವಿ ವೋಟೂ ಹಾಕ್ತೀವಿ ಅಂತ ಬೋರ್ಡ್ ಹಿಡ್ಕೊಂಡು ಜನ ಬಂದ್ರು, 2020ರ ಜನವರಿಯಲ್ಲಿ ಬಂದ ನಿಯಮ ತೆಳ್ಳಗಾಗಿತ್ತು, ಒಂದ್ಸಲ ಬಳಸಿ ಬಿಸಾಡೋ ವೇಪ್‌ಗಳಿಗೆ ಅದು ತಾಗಲೇ ಇಲ್ಲ. 2024ರ ಎಲೆಕ್ಷನ್ ಹೊತ್ತಿಗೆ ಅದೇ ಮನುಷ್ಯ ವೇಪಿಂಗ್ ಉಳಿಸ್ತೀನಿ ಅಂತಿದ್ರು.

ಹುಬ್ಳಿಮಂದಿ

ಜಪಾನ್ ಬಿಟ್ಟಿರಿ. ಅಲ್ಲಿ ಜಪಾನ್ ಟೊಬ್ಯಾಕೊ ಕಂಪನಿದಾಗ ಮೂರನೇ ಒಂದು ಪಾಲು ಸರ್ಕಾರದ ಕೈಯಾಗ ಇರ್ಬೇಕು ಅಂತ ಕಾನೂನ ಐತಿ. ನಿಕೋಟಿನ್ ಲಿಕ್ವಿಡ್ ಔಷಧ ಅಂತ ಹೇಳಿ ಅಂಗಡ್ಯಾಗ ಬಿಟ್ಟಿಲ್ಲ, ಆದ್ರ ತಂಬಾಕನ್ನ ಸುಡದ ಬರೇ ಕಾಯಿಸೋ ಯಂತ್ರ ಬಿಟ್ಟಾರ, ಯಾಕಂದ್ರ ಅದು ತಂಬಾಕು ಕಾನೂನಿನಾಗ ಬರ್ತೈತಿ, ತೆರಿಗಿ ಬೀಳ್ತೈತಿ. ಮಂದಿ ಅದಕ್ಕ ಹೋದ್ರು, ಸಿಗರೇಟ್ ಮಾರಾಟ ಧಡಕ್ಕನ ಬಿತ್ತು. ಈಗ ಅದರ ತೆರಿಗಿನೂ ಸಿಗರೇಟಿನ ಮಟ್ಟಕ್ಕ ಏರಸೋದು ಅಂತ ನಿರ್ಧಾರ ಮಾಡ್ಯಾರ, ರಕ್ಷಣಾ ಖರ್ಚಿಗೆ ರೊಕ್ಕ ಬೇಕಂತ.

ಸುಮ್ನೆ_ಕೇಳ್ದೆ

ಹಂಗಾದ್ರೆ ಎಲ್ಲಾ ಕಡೆ ವೇಪ್ ತೆರಿಗೆ ಸಿಗರೇಟಿನಷ್ಟೇ ಆಗೋವರೆಗೂ ಏರಿಸ್ತಾರಾ? ಆಗ ಜನ ಯಾಕೆ ಬದಲಾಯ್ತಾರೆ?

ಜಮಾಖರ್ಚು

ಬದಲಾಗಲ್ಲ, ಅದೇ ಅಪಾಯ. ಅಂತರ ಮುಚ್ಚಿದ್ರೆ ಸಿಗರೇಟ್ ಗೆಲ್ಲುತ್ತೆ, ಅಂತರ ಬಿಟ್ರೆ ಖಜಾನೆ ಸೋಲುತ್ತೆ. ನನ್ನ ಕೇಳಿದ್ರೆ ಅಂತರ ಬಿಡ್ಲಿ, ಆ ದುಡ್ಡನ್ನ ಶಾಶ್ವತ ಖರ್ಚಿಗೆ ಹಚ್ಚೋದನ್ನ ನಿಲ್ಲಿಸ್ಲಿ. ಇನ್ನೊಂದು, ತೆರಿಗೆ ಹಾಕೋ ಹೊತ್ತಿಗೆ ಜನ ಮುಂದಿನ ಬಸ್ ಹತ್ತಿರ್ತಾರೆ. ತುಟಿ ಹಿಂದೆ ಇಟ್ಕೊಳ್ಳೋ ನಿಕೋಟಿನ್ ಪೌಚ್ ಇದ್ಯಲ್ಲ, ಅದರಲ್ಲಿ ತಂಬಾಕೂ ಇಲ್ಲ, ಲಿಕ್ವಿಡ್ಡೂ ಇಲ್ಲ, ಬ್ರಿಟನ್ನಿನ ಆ ಹೊಸ ವೇಪ್ ಸುಂಕ ಅದಕ್ಕೆ ಅನ್ವಯ ಆಗಲ್ಲ.