ಸಹಾಯ ಬೇಕು: ರೇಷ್ಮೆ ನೂಲು ಘಟಕದ ಅರ್ಥಿಂಗ್ ಮತ್ತು ಮರು ಪರಿವೀಕ್ಷಣೆ

ಗುಂಪಿನ ಹಿರಿಯರಿಗೂ ವಿದ್ಯುತ್ ಕೆಲಸದ ಅನುಭವವಿರುವ ಎಲ್ಲ ಮಿತ್ರರಿಗೂ ನಮಸ್ಕಾರ.

ಶಿಡ್ಲಘಟ್ಟದ ಸಮೀಪ ನಮ್ಮ ಕುಟುಂಬ ಹೊಸದಾಗಿ ಕಟ್ಟಿರುವ ರೇಷ್ಮೆ ನೂಲು ತೆಗೆಯುವ ಘಟಕಕ್ಕೆ 11 ಕೆವಿ ಮಾರ್ಗದಿಂದ ಸ್ವಂತ ಟ್ರಾನ್ಸ್‌ಫಾರ್ಮರ್ ಹಾಕಿಸಿದ್ದೇವೆ. ವಿದ್ಯುತ್ ಪರಿವೀಕ್ಷಕರ ಅನುಮೋದನೆಯಿಲ್ಲದೆ ಅದನ್ನು ಚಾಲೂ ಮಾಡುವಂತಿಲ್ಲ. ಕಳೆದ ವಾರ ಪರಿಶೀಲನೆಗೆ ಬಂದವರಿಗೆ ವೈರಿಂಗ್‌ನ ಇನ್ಸುಲೇಷನ್ ಪರೀಕ್ಷೆಯಲ್ಲಿ ದೋಷ ಕಾಣಲಿಲ್ಲ. ಆದರೆ ಅರ್ಥಿಂಗ್ (ಸೋರಿದ ವಿದ್ಯುತ್ತನ್ನು ನೆಲಕ್ಕಿಳಿಸುವ ವ್ಯವಸ್ಥೆ) ಹೇಗಿದೆ ಎಂದು ಅರ್ಥ್ ಟೆಸ್ಟರ್‌ನ ಕಡ್ಡಿಗಳನ್ನು ನೆಲಕ್ಕೆ ಹೊಡೆದು ಅಳೆದಾಗ, ಟ್ರಾನ್ಸ್‌ಫಾರ್ಮರ್‌ನ ನ್ಯೂಟ್ರಲ್ ತಂತಿಗಾಗಿ ಅರ್ಥ್ ಪೈಪು ಹೂತ ಒಂದು ಗುಂಡಿಯಲ್ಲಿ ಪ್ರತಿರೋಧ 14 ಓಮ್‌ನಷ್ಟು ಹೆಚ್ಚು ತೋರಿಸಿತು. ಮುಚ್ಚಳ ತೆಗೆದು ನೋಡಿದರೆ ಒಳಗಿನ ಇದ್ದಿಲು, ಉಪ್ಪು ಪುಡಿಪುಡಿಯಾಗಿ ಒಣಗಿದ್ದವು; 2.5 ಮೀಟರ್ ಉದ್ದದ ಎರಡು ಪೈಪುಗಳ ನಡುವೆ ಆ ಉದ್ದದ ಎರಡರಷ್ಟು ಅಂತರವಿರಬೇಕಾದಲ್ಲಿ ಒಂದು ಮೀಟರ್ ಕೂಡ ಇರಲಿಲ್ಲ. ಅನುಮೋದನೆ ತಡೆಹಿಡಿದದ್ದು ನ್ಯಾಯವೇ ಎಂದು ನನ್ನ ಭಾವನೆ, ಏಕೆಂದರೆ ಬಿಸಿನೀರಿನ ಮುಂದೆ ದಿನವಿಡೀ ಒದ್ದೆ ಕೈಯಲ್ಲಿ ಗೂಡು ಬಿಡಿಸುವ ಹೆಣ್ಣುಮಕ್ಕಳ ಜೀವದ ಪ್ರಶ್ನೆ ಇದು.

ನಮ್ಮದು ಕಲ್ಲುನೆಲ, ಬೇಸಿಗೆಯಲ್ಲಿ ತೇವ ನಿಲ್ಲುವುದಿಲ್ಲ. ಇಂತಹ ನೆಲದಲ್ಲಿ ಐದು ಮೀಟರ್ ದೂರಕ್ಕೊಂದು ಹೊಸ ಪೈಪು ಇಳಿಸಿ ಬೆಂಟೋನೈಟ್ (ತೇವ ಹಿಡಿದಿಡುವ ಜೇಡಿಮಣ್ಣು) ತುಂಬಿಸಿದವರು ಯಾರಾದರೂ ಇದ್ದರೆ, ಎರಡು ಮೂರು ಬೇಸಿಗೆ ಕಳೆದ ಮೇಲೆ ಅಳತೆ ಎಷ್ಟಿತ್ತೆಂದು ದಯವಿಟ್ಟು ತಿಳಿಸಿ. ಮೊದಲು ಕೆಲಸ ಮಾಡಿದ ಗುತ್ತಿಗೆದಾರರು ಈಗ ಕರೆಗೇ ಸಿಗುತ್ತಿಲ್ಲ. ಪರವಾನಗಿ ಹೊಂದಿದ ಬೇರೊಬ್ಬರಿಂದ ಸರಿಪಡಿಸಿ, ಅವರ ಸಹಿಯಿರುವ ಪರೀಕ್ಷಾ ವರದಿಯೊಂದಿಗೆ ಮರು ಪರಿವೀಕ್ಷಣೆಗೆ ಅರ್ಜಿ ಕೊಡಬಹುದೇ, ಹಳಬರ ಒಪ್ಪಿಗೆ ಪತ್ರವೂ ಬೇಕಾಗುತ್ತದೆಯೇ? ಚಿಕ್ಕಬಳ್ಳಾಪುರ, ಚಿಂತಾಮಣಿ ಕಡೆ ಇದೇ ಹಂತ ದಾಟಿದವರ ಅನುಭವ ನಮಗೆ ಬಹಳ ಉಪಯೋಗವಾಗುತ್ತದೆ.